ಎರಕದ ಮನುಷ್ಯ

ಅಪ್ಪ ಅಳಬಾರದು, ಅಳದೇ ಇದ್ದರೂ ಅವಮಾನವೇ, ಎಂದುಕೊಳ್ಳುತ್ತ ಅವನು ಉದ್ಯಾನದ ಗೇಟಿನಲ್ಲಿ ಅಪ್ಪನ ಕೈ ಹಿಡಿದ. ಹಿಡಿದ ಕೂಡಲೇ ಬಿಟ್ಟ. ಇಬ್ಬರಿಗೂ ಅಭ್ಯಾಸವಿರಲಿಲ್ಲ.

ಹತ್ತು ವರ್ಷದ ಹಿಂದೆ ಇಲ್ಲಿ ಫೌಂಡ್ರಿಯಿತ್ತು. ಅಪ್ಪ ಮೂವತ್ತೊಂದು ವರ್ಷ ಇಲ್ಲೇ ಕರಗಿದ ಕಬ್ಬಿಣ ಸುರಿದಿದ್ದ. ಈಗ ಹುಲ್ಲು, ಬೆಂಚು, ಹನ್ನೊಂದು ಶಿಲ್ಪ. ಉದ್ಯಾನದ ಯೋಜನಾಧಿಕಾರಿ ಈ ಮಗನೇ. ಕುಲುಮೆಯಿದ್ದ ಜಾಗದಲ್ಲಿ ಬಾತುಕೋಳಿಗಳಿಗೆ ಕೊಳ ತೋಡಿಸಿದ ಪುಣ್ಯಾತ್ಮನೂ ಅವನೇ.

"ಇಲ್ಲಿ ಉಸಿರು ಕಟ್ತಿತ್ತು," ಎಂದ ಅಪ್ಪ.

"ಈಗ ನೋಡಿ, ಎಷ್ಟು ಗಾಳಿ."

"ಹೂಂ. ಗಾಳಿಗೇನೂ ಬರ ಇಲ್ಲ."

ಮಾತು ಅಲ್ಲಿಗೆ ನಿಂತಿತು. ಮನೆಯಲ್ಲೂ ಅಷ್ಟೇ, ಇವನು ಊಟಕ್ಕೆ ಕೂರುವ ಹೊತ್ತಿಗೆ ಅಪ್ಪ ಕೈ ತೊಳೆಯುತ್ತಿದ್ದ.

ಕೊಳದಾಚೆ ಅದು ನಿಂತಿತ್ತು: ಆಳೆತ್ತರದ ಕಂಚಿನ ಕಾರ್ಮಿಕ, ಕೈಯಲ್ಲಿ ಕಬ್ಬಿಣ ಸುರಿಯುವ ಉದ್ದ ಹಿಡಿಯ ಸೌಟು. ಶಿಲ್ಪಿಗೆ ಅಪ್ಪನ ಫೋಟೋ ಕೊಟ್ಟವನು ಇವನು. ಫೋಟೋ ಸೊಂಟದವರೆಗೆ ಮಾತ್ರ ಇತ್ತು. ಉಳಿದದ್ದನ್ನು ಬಾಯಲ್ಲಿ ಹೇಳಿದ್ದ. ಅಪ್ಪ ನೋಡಿ 'ಇದು ನಾನೇ' ಅನ್ನಬೇಕು. ಅಷ್ಟಕ್ಕಾಗಿ ಮೂರು ವರ್ಷ ಕಡತಗಳ ಹಿಂದೆ ಅಲೆದಿದ್ದ.

ಅಪ್ಪ ಮುಖ ನೋಡಿದ. ಸೌಟು ನೋಡಿದ. ಕಾಲಿನ ಬಳಿ ಬಗ್ಗಿದ.

"ಯಾರಿದು?"

"ನೀವೇ ಅಪ್ಪಾ."

"ಲೇಸಿನ ಬೂಟು ಹಾಕಿದಾನಲ್ಲೋ."

"ಎಲ್ರೂ ಅದನ್ನೇ ಹಾಕ್ತಿದ್ರಲ್ವಾ?"

"ಲೇಸು ಕಟ್ಕೊಂಡು ಯಾವನು ಕಬ್ಬಿಣ ಸುರೀತಾನೆ? ಒಂದು ಹನಿ ಒಳಗೆ ಬಿದ್ರೆ ಒಂದೇ ಒದೆತಕ್ಕೆ ಬೂಟು ಹಾರಬೇಕು. ಗಂಟು ಬಿಚ್ತಾ ಕೂತ್ರೆ ಕಾಲೇ ಹೋಗುತ್ತೆ." ಅಪ್ಪ ಮಗನತ್ತ ತಿರುಗಿದ. "ನನ್ನ ಬೂಟು ದಿನಾ ಬಾಗಿಲಲ್ಲೇ ಇರ್ತಿತ್ತಲ್ಲೋ."

ಇರುತ್ತಿತ್ತು. ಪರೀಕ್ಷೆಗೆ ಓಡುವಾಗ, ಆಫೀಸಿಗೆ ಓಡುವಾಗ ಅವನು ಅದನ್ನು ದಾಟಿಕೊಂಡೇ ಹೋಗಿದ್ದ. ಒಮ್ಮೆಯೂ ನೋಡಿರಲಿಲ್ಲ. ನಾಚಿಕೆಯಾಯಿತು. ಆದರೂ ಬಾಯಿಂದ ಬಂದದ್ದು ಬೇರೆ: "ಸಮಿತಿಯವರು ಒಪ್ಪಿಗೆ ಕೊಟ್ಟಿದ್ರು."

ಅಪ್ಪ ಮಂಡಿಯೂರಿ ಕೂತು ಕಂಚಿನ ಗಂಟಿಗೆ ಉಗುರು ಹಾಕಿದ.

"ಅಪ್ಪಾ, ಅದು ಬಿಚ್ಚೋಕೆ ಬರಲ್ಲ."

"ಗೊತ್ತು ಕಣೋ," ಎಂದ ಅಪ್ಪ, ಕೈ ನಿಲ್ಲಿಸದೆ. "ಇನ್ನೊಂದು ಕಾಲಿಂದು ನೀನು ಬಿಚ್ಚು."

ಅವನು ಸುತ್ತ ನೋಡಿದ. ಜನ ಸೇರತೊಡಗಿದ್ದರು. "ಪಾಪ, ಎಷ್ಟು ಭಕ್ತಿ ನೋಡಿ," ಎನ್ನುತ್ತ ಒಬ್ಬಾಕೆ ಮೊಬೈಲ್ ಎತ್ತಿದಳು.

"ಸಾರ್, ಸ್ವಲ್ಪ ಪಕ್ಕಕ್ಕೆ ಬನ್ನಿ. ಅವರ ಮೇಲೆ ನಿಮ್ಮ ನೆರಳು ಬೀಳ್ತಿದೆ," ಎಂದಳು ಇವನಿಗೆ.

ಅವನು ಪಕ್ಕಕ್ಕೆ ಸರಿದ. ಕಂಚಿನ ಮೇಲೆ ಅಪ್ಪನ ಉಗುರು ಕರಕರ ಎನ್ನುತ್ತಲೇ ಇತ್ತು.