ಒಳಲೆಯ ಹಾಲು

ಹಾರ್ನ್ ಮತ್ತೆ ಕಿರುಚಿತು, ಬಸ್ಸಿನವರೆಲ್ಲ ಬೆಚ್ಚಿದರು, ಮುಂದಿನ ಸೀಟಿನ ಮುದುಕರು ಡ್ರೈವರನಿಗೆ ಬೈದರು, ಜಗದಾಂಬಳ ತೊಡೆಯ ಮೇಲಿನ ಚೌಡೇಶ್ವರಿ ಮಾತ್ರ ಶೇಂಗಾ ಸುಲಿಯುತ್ತಲೇ ಇದ್ದಾಳೆ, ತಲೆ ಎತ್ತಲಿಲ್ಲ — ನಾಲ್ಕು ವರ್ಷದ ಮಗಳು, ಕರೆದರೆ ಓಗೊಡುವುದಿಲ್ಲವೆಂದು ಜಗದಾಂಬ ಎಷ್ಟು ಸಲ ಅವಳ ಬೆನ್ನಿಗೆ ಗುದ್ದಿದ್ದಳು, ಮೊಂಡಿ, ಯಾರ ಬುದ್ಧಿ ಬಂತೇ ನಿಂಗೆ — ಮೊಂಡುತನ ಅಲ್ಲಮ್ಮ, ಎರಡೂ ಕಿವಿಯ ತಮಟೆ ಹರಿದುಹೋಗಿದೆ ಅಂದರು ಇವತ್ತು ಶಿಕಾರಿಪುರದ ಡಾಕ್ಟರು, ಎಳೆಗೂಸಲ್ಲಿ ಹಾಲು ಹೇಗೆ ಕುಡಿಸ್ತಿದ್ರಿ? ಕಿವಿಗೂ ಹಾಲಿಗೂ ಎಂಥ ಸಂಬಂಧ, ಎಲ್ಲರ ಮನೆಯ ಹಾಗೇ, ಅತ್ತೆ ಈಶ್ವರಮ್ಮ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಅಂಗಾತ ಮಲಗಿಸಿ, ಬೆಳ್ಳಿಯ ಒಳಲೆಯ ಮೂತಿಯನ್ನು ಬಾಯಿಗಿಟ್ಟು, ಅತ್ತರೂ ಬಿಡದೆ, ಹಾಲು ಗೊರಗೊರ ಇಳಿಯುವ ತನಕ — ಅದೇ ಕಾರಣ ತಾಯಿ, ಅಂದರು ಡಾಕ್ಟರು, ಗಂಟಲಿಂದ ಕಿವಿಗೆ ಒಳಗೇ ಒಂದು ದಾರಿ ಇದೆ, ಮಲಗಿಸಿ ಸುರಿದ್ರೆ ಅಲ್ಲಿಗೂ ನುಗ್ಗುತ್ತೆ, ಶೀತ ಇದ್ದಾಗಂತೂ ಕೀವು ಕಟ್ಟುತ್ತೆ, ಗಾಳಿ ಅಲ್ಲ, ದೃಷ್ಟಿ ಅಲ್ಲ. ಗಾಳಿ ಎಂದೇ ಹತ್ತಿ ತುರುಕಿದ್ದು, ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟಿದ್ದು, ಬೆಳಗಾದರೆ ದಿಂಬಿನ ಮೇಲೆ ಆ ಹಳದಿ ಕಲೆ, ಆ ನಾತ, ಸೋರಲಿ ಬಿಡೇ ಅನ್ನುತ್ತಿದ್ದರು ಅತ್ತೆ, ತಲೆಯಾಗಿನ ಕೆಟ್ಟ ನೀರು ಹೋಗ್ತದೆ, ನಿಲ್ಸಿದ್ರೆ ಒಳಗೇ ಸೇರ್ತದೆ, ಮತ್ತೆ ಗಂಡ ಗಂಗಾಧರಪ್ಪನೂ ಹೀಗೇ ಅಲ್ಲವೇ, ಎರಡು ಸಲ ಕೂಗಿದ ಮೇಲೆ ಆಂ? ಅಂತ ಎಡಗಿವಿ ತಿರುಗಿಸುವುದು, ನಮ್ಮ ಮನೆತನಕ್ಕೇ ಕಿವಿ ಮಂದ ಕಣೇ ಎಂದು ಅತ್ತೆ ನಗುವುದು, ಅಯ್ಯೋ, ಮನೆತನವೆಲ್ಲಿ ಬಂತು, ಅವರೂ ಅದೇ ಕಾಲ ಮೇಲೆ ಮಲಗಿದವರು, ಅದೇ ಒಳಲೆ.

ಶಿರಾಳಕೊಪ್ಪದಲ್ಲಿ ಸಂತೆ, ಬಸ್ಸು ಅಲ್ಲಾಡುವುದಿಲ್ಲ, ಅಣ್ಣಾ, ಬೇಗ ಬಿಡ್ರೀ, ಮನೇಲಿ ಕೂಸಿದೆ, ಎಲ್ಲರ ಮನೇಲೂ ಕೂಸಿದೆ ಕಣಮ್ಮ, ಮೆಣಸಿನಕಾಯಿ ಚೀಲ ಮೇಲೆ ಏರಬೇಕಲ್ಲ, ಕಂಡಕ್ಟರನಿಗೇನು ಗೊತ್ತು, ಕುಬಟೂರಿನ ಮನೆಯಲ್ಲಿ ಮೂರು ತಿಂಗಳ ಕೂಸು, ನಿನ್ನೆಯಿಂದ ಮೂಗು ಕಟ್ಟಿದೆ, ಈಗ ಹಾಲಿನ ಹೊತ್ತು, ಅತ್ತೆ ಕಾಲು ನೀಡಿರುತ್ತಾರೆ, ಈಗ ಸೆರಗಿನಲ್ಲಿ ಅದರ ಬಾಯಿ ಒರೆಸಿ — ಎದೆ ಬಿಗಿದು ರವಿಕೆ ಒದ್ದೆಯಾಗುತ್ತಿದೆ, ನನ್ನ ಹಾಲು ಇಲ್ಲಿ ಸೋರಿಹೋಗುತ್ತಿದೆ, ಏನೆಂದು ಹೇಳಲಿ, ಏಳು ಮಕ್ಕಳನ್ನ ಇದೇ ಕಾಲ ಮೇಲೆ ಸಾಕೀನಿ, ನೀನು ಬಂದು ಹೇಳ್ಕೊಡ್ತೀಯಾ ಅನ್ನುತ್ತಾರೆ, ಅನ್ನಲಿ, ಕಾಲಿಗೆ ಬಿದ್ದಾದರೂ ಹೇಳುತ್ತೇನೆ, ಆ ಒಳಲೆಯನ್ನು ಹೊಂಡಕ್ಕೆ ಎಸೆಯುತ್ತೇನೆ, ಚೀಲ, ಇನ್ನೊಂದು ಚೀಲ, ಹಾರ್ನ್, ಧೂಳು, ಇಳಿದದ್ದು ನೆನಪಿಲ್ಲ, ಓಡಿದ್ದು ನೆನಪಿಲ್ಲ, ಕಂಕುಳಲ್ಲಿ ಮಗಳು, ಪಡಸಾಲೆಯಲ್ಲಿ ನೀಡಿದ ಎರಡು ಕಾಲು. ಬಂದ್ಯಾ, ಬೆಳಗಿಂದ ಒಂದೇ ಸಮ ಅಳ್ತಿತ್ತು, ಈಗ ನೋಡು, ಒಂದು ಹನಿ ಚೆಲ್ಲದಂಗೆ ಕುಡಿಸೀನಿ. ಕೂಸು ಅಂಗಾತ ಮಲಗಿದೆ, ಪುಟ್ಟ ಮುಷ್ಟಿಯಿಂದ ಕಿವಿ ಉಜ್ಜಿಕೊಳ್ಳುತ್ತಿದೆ, ಮತ್ತೆ ಉಜ್ಜಿಕೊಳ್ಳುತ್ತಿದೆ. ಎತ್ತಿ, ಅತ್ತೇ, ತಲೆ ಎತ್ತಿ ಹಿಡೀರಿ, ಕೂಗಿದ್ದೇನೋ ಹೌದು, ಒಳಕೋಣೆಯಿಂದ ಆಂ? ಅಂದರು ಗಂಡ, ಮಗಳು ಶೇಂಗಾ ಸಿಪ್ಪೆ ನೆಲಕ್ಕೆ ಉದುರಿಸಿದಳು, ಅತ್ತೆ ನಗುತ್ತಿದ್ದಾರೆ, ಇನ್ನೊಂದು ಗುಟುಕು ಅಷ್ಟೇ ಕಣೇ, ಒಳಲೆ ಬಾಗುತ್ತಿದೆ, ಅದರ ಮೂತಿಯಲ್ಲಿ ಒಂದು ಹನಿ, ಬೀಳದೆ ನಿಂತ ಹನಿ, ಬಿಳಿ ಹನಿ —