ಜಯಕ್ಕನ ಜ್ವರ

"ಮತ್ತೆ ರಕ್ತ ತಗಂತೀರಾ?" ಎಂದ ಕಾಟಪ್ಪ. ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ಧರ್ಮಪುರದಾಗೆ ತಗಂಡ್ರು, ಹಿರಿಯೂರಾಗೆ ತಗಂಡ್ರು. ಎಲ್ಲಾ ನಾರ್ಮಲ್ ಐತೆ ಅಂದ್ರು. ಇನ್ನೇನು ಸಿಗ್ತೈತೆ ಅದ್ರಾಗೆ?"

ರಂಜಿತಾ ಅವನ ಹೆಂಡತಿ ಜಯಕ್ಕನ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ಏನು ಸಿಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ. ದುರ್ಗದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದ ಅವಳು ಕಾರಣ ಗೊತ್ತಾಗದ ಜ್ವರಗಳ ಬೆನ್ನು ಹತ್ತಿ ಹಿರಿಯೂರಿನ ಸುತ್ತಲ ಹಳ್ಳಿಗಳಲ್ಲಿ ತಿರುಗತೊಡಗಿ ಮೂರನೆಯ ವರ್ಷ ನಡೆಯುತ್ತಿತ್ತು. ತಂದ ರಕ್ತದಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಕ್ಕಿರಲಿಲ್ಲ. ವಿಷಯ ಬದಲಾಯಿಸುವುದು ಒಳ್ಳೆಯದೇನೋ ಎಂದು ಮಾರ್ಗದರ್ಶಕ ಲಕ್ಷ್ಮೀಕಾಂತ್ ಸರ್ ಒಂದೆರಡು ಸಲ ಅಂದಿದ್ದರು.

ಜಯಕ್ಕನಿಗೆ ನಲವತ್ತರ ಆಸುಪಾಸು. ಹರಿಯಬ್ಬೆಯ ಆಚೆಗಿನ ಈ ಹಟ್ಟಿಯಲ್ಲಿ ಕುರಿಗಳಿಗೆ ಹೆರಿಗೆ ಕಷ್ಟವಾದರೆ ಎಲ್ಲರೂ ಕರೆಯುವುದು ಅವಳನ್ನೇ. ಈಗ ಆರೇಳು ತಿಂಗಳಿಂದ ಅವಳಿಗೆ ಸೊಂಟ ನೋವಿನಿಂದ ಬಗ್ಗಿದರೆ ಏಳಲಾಗುತ್ತಿರಲಿಲ್ಲ. ಸಂಜೆಯಾದರೆ ಜ್ವರ, ಬೆಳಿಗ್ಗೆ ಡಾಕ್ಟರ ಮುಂದೆ ಕೂತಾಗ ಮೈ ತಣ್ಣಗೆ.

"ಹೊತ್ತು ಮುಳುಗಿದ್ ಮ್ಯಾಲೆ ಬರ್ತೈತೆ ನೋಡ್ರಿ ಮೇಡಂ," ಎಂದಳು ಜಯಕ್ಕ, ತನ್ನ ರಕ್ತ ಸಿರಿಂಜಿಗೆ ಏರುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಾ. "ಆಮೇಲೆ ಬೆವರು. ಹೊದಿಕೆ ಎಲ್ಲಾ ತೊಯ್ದು ತೊಪ್ಪೆ ಆಗ್ತೈತೆ. ಆ ಬೆವರು ಒಂಥರಾ ವಾಸ್ನೆ."

"ಎಂಥಾ ವಾಸನೆ?"

ಜಯಕ್ಕ ಯೋಚಿಸಿದಳು. ಇದುವರೆಗೆ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. "ಬಣವೆ ಒಳಗಡೆ ನೆಂದು ಮುಗ್ಗಿರೋ ಹುಲ್ಲಿರ್ತೈತಲ್ಲ, ಹಂಗೆ."

ಕಾಟಪ್ಪ ಪಂಚೆ ಕೊಡವಿಕೊಂಡು ಕುರಿ ಕೂಡುವ ರೊಪ್ಪದ ಕಡೆ ಹೊರಟ. ಅವನು ದೂರ ಹೋದ ಮೇಲೆ ಜಯಕ್ಕ ದನಿ ತಗ್ಗಿಸಿದಳು. "ನಮ್ಮ ವಾರಗಿತ್ತಿ ನಾಟ್ಕ ಅಂತಾಳೆ. ಕೆಲ್ಸ ತಪ್ಸಾಕೆ ಮಲಗ್ತಾಳೆ ಅಂತ. ಇವ್ರು ಏನೂ ಅನ್ನಲ್ಲ. ಹಂಗಂತ ಅವಳಿಗೂ ಏನೂ ಅನ್ನಲ್ಲ."

ಬಸ್ಸಿನಲ್ಲಿ ರಂಜಿತಾಳಿಗೆ ಆ ಮುಗ್ಗಿದ ಹುಲ್ಲು ತಲೆಯಿಂದ ಹೋಗಲಿಲ್ಲ. ಎಲ್ಲೋ ಓದಿದ ಹಾಗಿತ್ತು. ಹಾಸ್ಟೆಲ್ಲಿಗೆ ಬಂದವಳೇ ಕೈಕಾಲು ಕೂಡ ತೊಳೆಯದೆ ಹಳೆಯ ದಪ್ಪ ಪಠ್ಯಪುಸ್ತಕವನ್ನು ಮಂಚದ ಮೇಲೆ ಹರಡಿಕೊಂಡಳು. ಕುರಿ, ಆಡು, ದನಗಳಿಂದ ಮನುಷ್ಯರಿಗೆ ಬರುವ ಜ್ವರವೊಂದರ ವಿವರಣೆಯಲ್ಲಿ ಒಂದೇ ಒಂದು ಸಾಲಿತ್ತು: ರೋಗಿಯ ಬೆವರು ಕೆಲವೊಮ್ಮೆ ಒದ್ದೆ ಹುಲ್ಲಿನ ವಾಸನೆ ಹೊಂದಿರುತ್ತದೆ. ಆ ಜ್ವರ ತರುವ ಬ್ರುಸೆಲ್ಲಾ ಎಂಬ ಸೂಕ್ಷ್ಮಜೀವಿ ಬೆಳೆಯುವುದು ಬಹಳ ನಿಧಾನ ಎಂದೂ ಇತ್ತು.

ಅವರ ಪ್ರಯೋಗಾಲಯದಲ್ಲಿ ರಕ್ತದ ಬಾಟಲಿಗಳನ್ನು ಐದು ದಿನ ಬೆಚ್ಚಗಿಟ್ಟು, ಏನೂ ಬೆಳೆಯದಿದ್ದರೆ ಬಿಸಾಡುವುದು ವಾಡಿಕೆ. ಐದನೆಯ ದಿನ ಜಯಕ್ಕನ ಬಾಟಲಿ ತಿಳಿಯಾಗಿಯೇ ಇತ್ತು.

"ಇದೊಂದನ್ನ ಇಟ್ಟಿರ್ತೀನಿ ಸರ್," ಎಂದಳು ರಂಜಿತಾ.

"ಎಷ್ಟು ದಿನ ಇಡ್ತೀಯಮ್ಮ?"

"ಏನಾದ್ರೂ ಆಗೋ ತನಕ."

ಲಕ್ಷ್ಮೀಕಾಂತ್ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಅವಳು ಹುಲ್ಲಿನ ವಾಸನೆಯ ವಿಷಯ ಹೇಳಿದಳು. ಅವರು ನಗಬಹುದೆಂದುಕೊಂಡಿದ್ದಳು, ನಗಲಿಲ್ಲ. "ಅದೇನಾದ್ರೂ ಆಗಿದ್ರೆ ಬಹಳ ಜೋಪಾನ," ಎಂದರು. "ಸುರಕ್ಷತಾ ಪೆಟ್ಟಿಗೆಯಿಂದ ಹೊರಗೆ ಮುಚ್ಚಳ ತೆಗೀಬೇಡ. ಉಸಿರಿನಿಂದ್ಲೇ ನಮಗೂ ಹತ್ತುತ್ತೆ ಅದು."

ಬಾಟಲಿ ಮಂಜಾದದ್ದು ಎರಡನೆಯ ವಾರದ ಕೊನೆಗೆ. ಮೊದಲಿಗೆ ಅವಳು ನಂಬಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಪಕ್ಕದಲ್ಲಿ ಇನ್ನೊಂದು ಬಾಟಲಿ ಹಿಡಿದು ನೋಡಿದಳು. ಅಕ್ಕಿ ತೊಳೆದ ನೀರನ್ನು ಒಂದು ತೊಟ್ಟು ಬಿಟ್ಟ ಹಾಗೆ, ಇದೆಯೋ ಇಲ್ಲವೋ ಎಂಬಷ್ಟು ಮಸುಕು. ಮುಖಗವಸು ಬಿಗಿದುಕೊಂಡು, ಗಾಜಿನ ಸುರಕ್ಷತಾ ಪೆಟ್ಟಿಗೆಯೊಳಗೆ ಕೈಯಿಟ್ಟು ಒಂದು ಹನಿಯನ್ನು ಸ್ಲೈಡಿನ ಮೇಲೆ ಸವರಿದಳು. ಅದನ್ನು ಒಣಗಿಸಿ, ಜೀವಿಗಳು ಸಾಯುವಂತೆ ಮಾಡಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟಳು.

ಕಣ್ಣಿಗೆ ಬಿದ್ದದ್ದು ಗುಲಾಬಿ ಬಣ್ಣದ ಚುಕ್ಕೆಗಳು, ಯಾರೋ ನುಣ್ಣನೆ ಮರಳು ಎರಚಿದ ಹಾಗೆ. ಅವಳಿಗೆ ಎದ್ದು ಕೂಗಬೇಕೆನ್ನಿಸಿತು. ಕಾರಿಡಾರಿನವರೆಗೆ ಓಡಿ, ಅಲ್ಲಿ ಯಾರೂ ಇಲ್ಲದ್ದು ಕಂಡು, ಮತ್ತೆ ಬಂದು ಕೂತು ನೋಡಿದಳು. ಜಯಕ್ಕನ ಸೊಂಟ ನೆನಪಾದದ್ದು ಆಮೇಲೆ.

ಲಕ್ಷ್ಮೀಕಾಂತ್ ಅದನ್ನು ಬೆಂಗಳೂರಿನ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದರು. ಅದು ಬ್ರುಸೆಲ್ಲಾನೇ ಹೌದೆಂದು ಅಲ್ಲಿಂದಲೂ ಬಂತು. ಆ ಮಧ್ಯಾಹ್ನವೇ ರಂಜಿತಾ ಜಯಕ್ಕನಿಗೆ ಫೋನ್ ಮಾಡಿ, ಏನೆಂದು ಗೊತ್ತಾಯಿತು, ಮಾತ್ರೆ ಇದೆ, ಇಲ್ಲಿನ ಡಾಕ್ಟರು ಬರೆದುಕೊಡುತ್ತಾರೆ ಎಂದು ತಿಳಿಸಿದಳು.

ಅತ್ತ ಕಡೆ ಕುರಿಗಳ ಸದ್ದು ಕೇಳಿಸುತ್ತಿತ್ತು. ಜಯಕ್ಕ ಕೇಳಿದಳು, "ಅದು ಕಣ್ಣಿಗೆ ಕಾಣ್ತೈತಾ?"

"ಬರಿಗಣ್ಣಿಗೆ ಕಾಣಲ್ಲ. ಮೈಕ್ರೋಸ್ಕೋಪ್‌ನಾಗೆ ಕಾಣ್ತೈತೆ."

"ಹಂಗಾರೆ ಅದನ್ನ ಮೊದ್ಲು ತೋರಿಸ್ರಿ ಮೇಡಂ. ಮಾತ್ರೆ ಆಮೇಲೆ. ಇವ್ರನ್ನೂ ಕರ್ಕಂಡ್ ಬರ್ತೀನಿ."

ಪ್ರಯೋಗಾಲಯಕ್ಕೆ ರೋಗಿಯೊಬ್ಬರು ತಮ್ಮ ರೋಗವನ್ನು ನೋಡಲು ಬಂದದ್ದು ಅದೇ ಮೊದಲು. ಜಯಕ್ಕ ಮದುವೆ ಮನೆಗೆ ಉಡುವಂಥ ಹಸಿರು ಸೀರೆ ಉಟ್ಟಿದ್ದಳು. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಸುಧಾರಿಸಿಕೊಂಡಳು. ಕಾಟಪ್ಪ ಮುಂದೆ ಮುಂದೆ ಹತ್ತಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಒಳಗಿನ ಗಾಜು, ಪೈಪುಗಳನ್ನೆಲ್ಲ ನೋಡಿ ಗೋಡೆಗೆ ಅಂಟಿಕೊಂಡು ನಿಂತ.

"ಕುಂತ್ಕಳ್ರಿ ಜಯಕ್ಕ. ಇಲ್ಲಿ ಕಣ್ಣಿಡ್ರಿ."

ಜಯಕ್ಕ ಬಗ್ಗಿದಳು. "ಕರ್ರಗೆ ಗರಿಕೆ ಹುಲ್ಲು ಇದ್ದಂಗೈತಲ್ಲ?"

"ಅದು ನಿಮ್ಮ ರೆಪ್ಪೆಗೂದಲು. ಇನ್ನೊಂಚೂರು ಹತ್ರ ಬರ್ರಿ."

ಜಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, ಮತ್ತೆ ಬಗ್ಗಿದಳು. ರಂಜಿತಾ ತಿರುಪನ್ನು ಸ್ವಲ್ಪವೇ ತಿರುಗಿಸಿದಳು. ಜಯಕ್ಕನ ಬೆನ್ನು ಅಲುಗಾಡದೆ ನಿಂತಿತು.

"ಇಷ್ಟು ಸಣ್ಣವಾ?"

"ಹೂಂ."

"ಜೀವ ಐತಾ ಇವಕ್ಕೆ?"

"ಇವು ಸತ್ತಿರವು. ಸಾಯಿಸೇ ಇಟ್ಟಿದೀವಿ."

"ನನ್ನ ಒಳಗಿರವು?"

"ಅವು ಬದುಕಿದಾವೆ. ಮಾತ್ರೆ ಬಿಡದೆ ತಗಂಡ್ರೆ ಅವೂ ಹೋಗ್ತವೆ."

ಜಯಕ್ಕ ಕಣ್ಣು ತೆಗೆಯಲಿಲ್ಲ. "ಎಲ್ಲಿಂದ ಬಂದ್ವು?"

ಅದನ್ನೇ ರಂಜಿತಾ ಕೇಳಬೇಕೆಂದಿದ್ದಳು. "ನಿಮ್ಮ ಕುರಿ ಯಾವಾದ್ರೂ ಕಂದು ಹಾಕಿದ್ವಾ? ಜ್ವರ ಶುರುವಾಗಾಕಿಂತ ಮುಂಚೆ?"

ಗಂಡ ಹೆಂಡಿರು ಒಬ್ಬರನ್ನೊಬ್ಬರು ನೋಡಿದರು. "ಹಾಕಿದ್ವು," ಎಂದಳು ಜಯಕ್ಕ. "ಹೋದ ಸಲ ಸುಮಾರು ಕುರಿ ತಿಂಗಳು ತುಂಬೋದ್ರಾಗೇ ಹಾಕಿದ್ವು. ನಾನೇ ಕೈಯಾಕಿ ತೆಗ್ದೆ. ಮಾಸೂ ನಾನೇ ಎತ್ತಿ ಹಾಕ್ದೆ."

"ಬರಿಗೈಯಾಗೆ?"

"ಇನ್ಯಾವ ಕೈಯಾಗೆ?"

"ಹಂಗಾದ್ರೆ ಕುರಿಗಳನ್ನೂ ಪರೀಕ್ಷೆ ಮಾಡ್ಬೇಕಾಗ್ತೈತೆ," ಎಂದು ರಂಜಿತಾ ಕಾಟಪ್ಪನ ಕಡೆ ತಿರುಗಿದಳು.

ಕಾಟಪ್ಪ ಗೋಡೆ ಬಿಟ್ಟು ಮುಂದೆ ಬಂದ. "ಅದೆಲ್ಲ ಬ್ಯಾಡ ಮೇಡಂ. ಇವಳಿಗೆ ಔಷಧ ಕೊಡ್ರಿ, ಸಾಕು. ನಮ್ಮ ರೊಪ್ಪಕ್ಕೆ ರೋಗ ಐತೆ ಅಂತ ಸುದ್ದಿ ಹಬ್ಬಿದ್ರೆ ಸಂತೆಯಾಗೆ ನಮ್ಮ ಮರೀನ ಮುಟ್ಟಲ್ಲ ಯಾರೂ."

"ಪರೀಕ್ಷೆ ಮಾಡ್ದೆ ಬಿಟ್ರೆ ಇವ್ರಿಗೆ ಮತ್ತೆ ಬರ್ತೈತೆ ಅಣ್ಣ. ನಿಮಗೂ ಬರಬಹುದು."

"ಬ್ಯಾಡ ಅಂದ್ರೆ ಬ್ಯಾಡ."

ರಂಜಿತಾಳಿಗೆ ಮೂರನೆಯ ವರ್ಷದಲ್ಲಿ ಕೈಗೆ ಸಿಕ್ಕ ಎಳೆ ಆ ರೊಪ್ಪದೊಳಗೆ ಹೋಗಿ ನಿಂತಿತ್ತು. ಆ ಮೂವತ್ತು ನಲವತ್ತು ಕುರಿಗಳಲ್ಲಿ ಎಷ್ಟಕ್ಕಿದೆ, ಯಾವುದಕ್ಕೆ ಮೊದಲು ಬಂತು, ಒಂದೇ ಮನೆಯಲ್ಲಿ ಜಯಕ್ಕನಿಗೊಬ್ಬಳಿಗೇ ಯಾಕೆ ಹತ್ತಿತು, ಅವಳಿಗೆ ಎಲ್ಲವೂ ಬೇಕಿತ್ತು. ಆದರೆ ಕುರಿ ಅವನದು.

ಜಯಕ್ಕ ಮೇಜು ಹಿಡಿದುಕೊಂಡು ನಿಧಾನವಾಗಿ ಎದ್ದಳು. ತಾನು ಕೂತಿದ್ದ ಸ್ಟೂಲನ್ನು ಗಂಡನ ಕಡೆ ಸರಿಸಿದಳು.

"ಬರ್ರಿ. ನೀವೊಂದ್ಸಲ ನೋಡ್ರಿ."

"ನೋಡಿದ್ರೆ ನಂಗೇನು ತಿಳಿತೈತೆ?"

"ತಿಳಿಯಾದು ಬ್ಯಾಡ. ನೋಡ್ರಿ ಸುಮ್ನೆ."

ಕಾಟಪ್ಪ ತಲೆಯ ಟವಲು ತೆಗೆದು ಹೆಗಲಿಗೆ ಹಾಕಿಕೊಂಡ. ಸ್ಟೂಲಿನ ತುದಿಗೆ ಕೂತು, ಮೈಕ್ರೋಸ್ಕೋಪನ್ನು ಮುಟ್ಟಬಾರದೆಂಬಂತೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಬಗ್ಗಿದ. ಮೇಲಿನ ಫ್ಯಾನು ಕಟಕಟನೆ ತಿರುಗುತ್ತಿತ್ತು.

"ಈ ಕೆಂಪು ಕೆಂಪು ಕಾಣ್ತಾವಲ್ಲ, ಇವಾ?"

"ಹೂಂ ಅಣ್ಣ."

"ಇವಳ ರಕ್ತದಾಗೇ ಇದ್ದವು?"

"ಅವರ ರಕ್ತದಾಗೇ."

ಅವನು ತಲೆ ಎತ್ತಿ, ಕಣ್ಣುಜ್ಜಿಕೊಂಡು, ಯಾರೂ ಹೇಳದೆಯೇ ಮತ್ತೆ ಬಗ್ಗಿದ. ಈ ಸಲ ಬಹಳ ಹೊತ್ತು ನೋಡಿದ.

ಆಮೇಲೆ ಡಾಕ್ಟರ ಬಳಿ ಹೋಗಿ ಬಂದದ್ದಾಯಿತು. ಎರಡು ಥರದ ಮಾತ್ರೆ, ಆರು ವಾರ. ಒಂದು ಮಾತ್ರೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ ಎಂದು ರಂಜಿತಾ ಹೇಳಿದಾಗ ಜಯಕ್ಕ, "ಇನ್ನೂ ಏನೇನು ನೋಡಾದೈತೋ," ಎಂದು ನಕ್ಕಳು. ಜ್ವರ ನಿಂತಿತೆಂದು ನಡುವೆ ಬಿಡಬಾರದೆಂದು ರಂಜಿತಾ ಎರಡು ಸಲ ಹೇಳಿದಳು. ಹೆರಿಗೆ ಮಾಡಿಸಲು ಮೊಣಕೈವರೆಗೆ ಬರುವ ಗ್ಲೌಸಿನ ಒಂದು ಡಬ್ಬಿಯನ್ನೂ ಕೊಟ್ಟಳು.

ಇಬ್ಬರೂ ಹೊರಟರು. ಮೆಟ್ಟಿಲ ಹತ್ತಿರ ಹೋಗಿದ್ದ ಕಾಟಪ್ಪ ಒಬ್ಬನೇ ತಿರುಗಿ ಬಂದ.

"ಕುರಿಗೆ ರಕ್ತ ಎಲ್ಲಿಂದ ತೆಗಿತಾರೆ? ಕುತ್ತಿಗೆಯಿಂದನಾ?"

"ಹೌದಣ್ಣ. ಪಶು ಡಾಕ್ಟ್ರು ಬಂದು ತೆಗಿತಾರೆ."

"ಒಂದೊಂದಕ್ಕೂ ಹಿಡಿಯಾಕೆ ಇಬ್ರು ಬೇಕಾಗ್ತೈತೆ." ಅವನು ಟವಲಿನ ಅಂಚು ಹಿಂಡುತ್ತಾ ನಿಂತ. "ಮಂಗಳವಾರ ಬರ್ರಿ. ಬಿಸ್ಲೇರಾಕೆ ಮೊದ್ಲು. ಆಮೇಲೆ ಮೇಯಾಕೆ ಹೊಡಿತೀನಿ."

ರಂಜಿತಾ ತಲೆಯಾಡಿಸುವಷ್ಟರಲ್ಲಿ ಅವನು ಮೆಟ್ಟಿಲಿಳಿದಾಗಿತ್ತು.

ಅವಳು ಕಿಟಕಿಗೆ ಬಂದಳು. ಕೆಳಗೆ ಹೊಂಗೆ ಮರದಡಿ ಕಲ್ಲು ಬೆಂಚಿನ ಮೇಲೆ ಜಯಕ್ಕ ಕೂತಿದ್ದಳು. ಕಾಟಪ್ಪ ಪಕ್ಕದಲ್ಲಿ ಕೂತು ಏನೋ ಕೇಳಿದ. ಮೇಲಕ್ಕೆ ಮಾತು ಕೇಳಿಸುತ್ತಿರಲಿಲ್ಲ. ಜಯಕ್ಕ ಕೈಚೀಲವನ್ನು ನೆಲಕ್ಕಿಟ್ಟು ಸೊಂಟ ಮುಟ್ಟಿ ತೋರಿಸಿದಳು, ಆಮೇಲೆ ಎಡ ಮೊಣಕಾಲು, ಆಮೇಲೆ ತೋಳನ್ನು ಎತ್ತಲಾಗದೆ ಅರ್ಧಕ್ಕೇ ನಿಲ್ಲಿಸಿ ಭುಜ. ಅವಳ ಬೆರಳು ಹೋದಲ್ಲೆಲ್ಲ ಅವನು ಬಗ್ಗಿ ನೋಡುತ್ತಿದ್ದ. ಗೇಟಿನಾಚೆ ಹಿರಿಯೂರಿನ ಬಸ್ಸು ಹಾರ್ನ್ ಹೊಡೆದು ಹೊರಟಿತು. ಅವರಿಬ್ಬರೂ ಏಳಲಿಲ್ಲ.