ಹಸಿಂತೊ ಮನೆಯ ಟಾಕೊ

ಭಾನುವಾರ ಬೆಳಗ್ಗೆ ಎರ್ಲಿಂದಾ ಫೋನ್ ಮಾಡಿದಳು. "ಕೊಂಪಾದ್ರೆ, ಮಧ್ಯಾಹ್ನ ಟಾಕೊ ಮಾಡೋಣ ಅಂತಿದಾರೆ ಇವರು. ನೀವೇ ಬರಬೇಕಂತೆ. ಬೇರೆ ಯಾರೂ ಬೇಡವಂತೆ."

ಅವಳ ಗಂಡ ಹಸಿಂತೊ. ಅವರ ಮಗಳು ಯಾರೆಲಿಯ ದೀಕ್ಷಾಸ್ನಾನದ ದಿನ ಇಗರ್ಜಿಯಲ್ಲಿ ಮಗುವನ್ನು ಎತ್ತಿಕೊಂಡವನು ನಾನು. ಅಂದಿನಿಂದ ನಾವು ಕೊಂಪಾದ್ರೆಗಳು. ನಮ್ಮಲ್ಲಿ ಅದು ಒಡಹುಟ್ಟಿದವರಿಗಿಂತ ಹೆಚ್ಚು. ನಮ್ಮ ಎರ್ಮೊಸಿಯೊ ನಗರದ ಹೊರವಲಯದ ಮಾಂಸದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಒಂದೇ ಖೀಮಾ ಮಷೀನಿನ ಮುಂದೆ ನಿಂತವರು. ಐದು ವಾರದ ಹಿಂದೆ ಆ ಮಷೀನು ಅವನ ಬಲಗೈಯನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಿತ್ತು.

ಕೈ ಒಳಹೋಗದಂತೆ ಮಷೀನಿನ ಬಾಯಿಗಿದ್ದ ಜಾಲರಿ ತೆಗೆಸಿದ್ದು ಸೂಪರ್‌ವೈಸರ್. ಅದಿದ್ದರೆ ಕೆಲಸ ಸಾಗಲ್ಲ ಅಂತ. ಬಿಚ್ಚಿದವನು ನಾನೇ. ಅಪಘಾತದ ಮರುದಿನ ಆಫೀಸಿಗೆ ಕರೆದು ಒಂದು ಹಾಳೆ ಮುಂದಿಟ್ಟರು: ಜಾಲರಿಯನ್ನು ಹಸಿಂತೊ ತಾನಾಗಿಯೇ ತೆಗೆದ, ನಾನು ಕಣ್ಣಾರೆ ಕಂಡೆ ಅಂತ. "ಓದಿ ನೋಡಪ್ಪ, ಅವಸರವೇನಿಲ್ಲ" ಎಂದರು. ಓದಿದೆ. ಸಹಿ ಹಾಕಿದೆ.

ನಾನು ಹೋದಾಗ ಎರ್ಲಿಂದಾ ದನದ ಮಾಂಸವನ್ನು ಹಲಗೆಯ ಮೇಲಿಟ್ಟು ಚಾಕುವಿನಿಂದ ಕೊಚ್ಚುತ್ತಿದ್ದಳು. ಅಂಗಡಿಯ ಖೀಮಾ ಆ ಮನೆಗೆ ಬರುವುದು ನಿಂತಿತ್ತು. ಹಸಿಂತೊ ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ, ಬಟ್ಟೆ ಸುತ್ತಿದ ಮೋಟುಗೈ ತೊಡೆಯ ಮೇಲೆ. ಭಾನುವಾರದ ಟಾಕೊ ಯಾವತ್ತೂ ಅವನದೇ ಅಡುಗೆ. ಹೆಂಡತಿಗೂ ಒಲೆ ಬಿಟ್ಟುಕೊಡುತ್ತಿರಲಿಲ್ಲ.

"ಬಾ ಕೊಂಪಾದ್ರೆ. ಕೈ ತೊಳ್ಕೊ. ನಾನು ಹೇಳ್ತೀನಿ, ನೀನು ಮಾಡು."

ಹೇಳಿದಂತೆ ಈರುಳ್ಳಿ ಬಾಡಿಸಿ ಮಾಂಸ ಹಾಕಿದೆ. ನೀರು ಇಂಗಿದ ಮೇಲೆ ಬೇಯಿಸಿದ ಆಲೂಗಡ್ಡೆ, ಜೀರಿಗೆ, ಉಪ್ಪು. ಮುಸುಕಿನ ಜೋಳದ ರೊಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಒಂದು ಸಲ ಅದ್ದಿ ಮೆತ್ತಗೆ ಮಾಡಿ, ಮಾಂಸ ತುಂಬಿ ಮಡಚಿ, ಹಲ್ಲುಕಡ್ಡಿ ಚುಚ್ಚಿ ಗರಿಗರಿಯಾಗಿ ಕರಿಯಬೇಕು. ನನ್ನ ಕೈಯಲ್ಲಿ ಮೊದಲನೆಯದು ಹರಿಯಿತು. ಎರಡನೆಯದೂ.

"ಅಪ್ಪಾ, ಇವರು ಟಾಕೊ ಮಾಡ್ತಿದಾರೋ ಚಿಂದಿ ಮಾಡ್ತಿದಾರೋ!" ಒಂಬತ್ತು ವರ್ಷದ ಯಾರೆಲಿ ನಕ್ಕಳು. ಹಸಿಂತೊನೂ ನಕ್ಕ. ಐದು ವಾರದಿಂದ ಕೇಳದ ಆ ಸದ್ದಿಗೆ ಎರ್ಲಿಂದಾ ಬೆಚ್ಚಿ ತಿರುಗಿದಳು.

"ಹೋಗಮ್ಮ, ಪಕ್ಕದ ಮನೇಲಿ ನಿಂಬೆಹಣ್ಣು ಇಸ್ಕೊಂಡು ಬಾ" ಎಂದು ಮಗಳನ್ನು ಕಳಿಸಿದ. ಬಾಗಿಲು ಮುಚ್ಚಿದ ಮೇಲೆ ಬಾಣಲೆಯನ್ನೇ ನೋಡುತ್ತ ಹೇಳಿದ, "ಶುಕ್ರವಾರ ವಕೀಲರು ಒಂದು ಹಾಳೆ ತೋರಿಸಿದ್ರು. ಪರಿಹಾರ ಯಾಕೆ ಕೊಡಲ್ಲ ಅಂತ ಕಂಪನಿಯವರು ಕೊಟ್ಟಿರೋದು. ಕೆಳಗಡೆ ನಿನ್ನ ಸಹಿ."

ಎಣ್ಣೆಯಲ್ಲಿದ್ದ ಟಾಕೊ ಕಪ್ಪಾಗತೊಡಗಿತು. ಎರ್ಲಿಂದಾಗೂ ಅವನು ಹೇಳಿರಲಿಲ್ಲ. ಅವಳು ಬಂದು ಒಲೆ ಆರಿಸಿದಳು.

"ಆಸ್ಪತ್ರೇಲಿ ನನ್ನ ಪಕ್ಕ ಕೂತು ಅತ್ರಲ್ಲ ನೀವು. ಅದು ಸಹಿ ಹಾಕೋಕೆ ಮುಂಚೆನೋ, ಆಮೇಲೋ?" ಎಂದು ಕೇಳಿದಳು.

"ಆಮೇಲೆ" ಎಂದೆ.

"ಬಿಡೇ," ಹಸಿಂತೊ ಹೆಂಡತಿಯನ್ನು ತಡೆದ. "ಬೈಯೋಕೆ ಕರೆಸಿಲ್ಲ. ಗುರುವಾರ ವಿಚಾರಣೆ ಇದೆ ಕೊಂಪಾದ್ರೆ. ಬಂದು ಇದ್ದಿದ್ದು ಇದ್ದ ಹಾಗೆ ಹೇಳು. ಅಷ್ಟೇ ನಾನು ಕೇಳೋದು."

"ಕೆಲಸ ಹೋಗುತ್ತೆ, ಹಸಿಂತೊ."

"ಹೋಗುತ್ತೆ. ಇನ್ನೊಂದು ಹುಡುಕ್ತೀಯ. ಎರಡು ಕೈ ಇದೆ ನಿನಗೆ."

"ಬರ್ತೀನಿ" ಎಂದೆ. ಹೇಳುವಾಗ ನಿಜವಾಗಿಯೂ ಹೋಗುವವನೇ ಇದ್ದೆ.

ಯಾರೆಲಿ ಬಂದಳು. ಮತ್ತೆ ಒಲೆ ಹಚ್ಚಿ ಉಳಿದದ್ದನ್ನೂ ಕರಿದೆ. ಮೇಲೆ ಹೆಚ್ಚಿದ ಎಲೆಕೋಸು, ಚೀಸ್, ಟೊಮೇಟೊ ಸಾರು. ಹಸಿಂತೊ ಎಡಗೈಯಲ್ಲಿ ತಿನ್ನುವಾಗ ಮಾಂಸ ಮಡಿಲಿಗೆ ಉದುರುತ್ತಿತ್ತು. ಮಗಳು ಮಾತಿಲ್ಲದೆ ಆರಿಸಿ ತಟ್ಟೆಗೆ ಹಾಕುತ್ತಿದ್ದಳು. ನಾನು ನಾಲ್ಕು ತಿಂದೆ. ರುಚಿಯಾಗಿದ್ದವು. ಹೇಳಲು ಈಗಲೂ ನಾಚಿಕೆ.

ಗುರುವಾರ ಒಗೆದ ಅಂಗಿ ತೊಟ್ಟು ಮೂಲೆಯ ನಿಲ್ದಾಣಕ್ಕೆ ಹೋದೆ. ವಿಚಾರಣೆಗೆ ಹೋಗಲು ಹತ್ತಬೇಕಿದ್ದ ಊರೊಳಗಿನ ಬಸ್ಸಿಗಿಂತ ಮೊದಲು ಕಾರ್ಖಾನೆಯ ಬಸ್ಸು ಬಂತು. ಡ್ರೈವರ್ ಬಾಗಿಲು ತೆಗೆದು ಕಾಯುತ್ತಿದ್ದ. ಹತ್ತಿಬಿಟ್ಟೆ.

ಹಸಿಂತೊ ಸೋತ. ಎರಡು ತಿಂಗಳಾದ ಮೇಲೆ ಅವರು ನಾವೊಹೋವದಲ್ಲಿದ್ದ ಎರ್ಲಿಂದಾಳ ತಾಯಿಯ ಮನೆಗೆ ಹೊರಟರು. ಲಾರಿ ಬಂದ ದಿನ ಸಾಮಾನು ಏರಿಸಲು ನನ್ನ ಹೆಂಡತಿ ಹೋದಳು. ನಾನು ನಮ್ಮ ಮನೆಯೊಳಗೇ ಇದ್ದೆ.

ಅವಳು ಬಂದ ಮೇಲೆ ಕೇಳಿದೆ, "ನನ್ನ ಬಗ್ಗೆ ಏನಾದರೂ ಅಂದನಾ?"

"ಇಲ್ಲ. ಮಂಚ ಭಾರ, ಹುಷಾರು ಅಂದರು ಅಷ್ಟೇ" ಎಂದು ಅವಳು ಕೈ ತೊಳೆಯಲು ಹೋದಳು.